ಕಿವಿರು ಎತ್ತಿ ನೋಡಿದ ವರ್ಷಗಳು

ಮೀನುಗಾರಿಕೆ ಇಲಾಖೆಯಲ್ಲಿ ನಾನು ಬಿಟ್ಟ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಮೀನುಗಾರಿಕೆಯನ್ನೇ ಓದಿ ಬಂದವಳು. ಕೆರೆಗೆ ಮರಿ ಬಿಡುವುದು, ಹೊಂಡಗಳನ್ನು ಪರಿಶೀಲಿಸುವುದು, ಮೀನುಗಾರರ ಸಂಘದ ಜಗಳ ಬಗೆಹರಿಸುವುದು, ಇದಕ್ಕೆಲ್ಲ ಅವಳು ತಯಾರಾಗಿಯೇ ಬಂದಿದ್ದಳು. ಗಾಬರಿ ಬೇರೆಯದಕ್ಕೆ.

"ಮೇಡಂ, ಒಬ್ರು ಗಾಜಿನ ತೊಟ್ಟಿ ಹೊತ್ಕೊಂಡು ಆಫೀಸಿಗೇ ಬಂದಾರ್ರೀ. ಮೀನಿನ ಮೈ ತುಂಬ ಏನೋ ಆಗೈತಿ ಅಂತಾರ. ಇದನ್ನೂ ನಾವ ನೋಡ್ಬೇಕೇನ್ರೀ?"

ನೋಡಬೇಕು ಎಂದೆ. ನಮ್ಮ ಕೆಲಸದ ವಿವರಣೆಯಲ್ಲಿ ಅದು ಎಲ್ಲಿಯೂ ಇಲ್ಲ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳ ನಡುವೆ ಸಾಕುಮೀನಿಗೆ ಬೇರೆ ಡಾಕ್ಟರಿಲ್ಲ. ದನದ ದವಾಖಾನೆಗೆ ಹೋದವರನ್ನು ಅಲ್ಲಿಯವರು ನಮ್ಮ ಕಡೆ ಕಳಿಸುತ್ತಾರೆ. ನಾವು ಕಳಿಸಲು ಮುಂದೆ ಯಾರೂ ಇಲ್ಲ.

ಫೋನಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ, ಅದಕ್ಕೆ ಬರೆಯಲು ಕೂತೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಗಾಜಿನ ತೊಟ್ಟಿ ಹೊತ್ತು ಬಂದವರನ್ನು ಕೂಡಿಸಿ ಮಾತಾಡಿಸುವುದು ಹೇಗೆ, ಅಷ್ಟು ತಿಳಿದರೆ ಅವಳಿಗೆ ಸಾಕು.

ನನ್ನ ಮೊದಲ ಕೇಸು ಸಿಂಧನೂರಿನ ಒಂದು ಬಟ್ಟೆ ಅಂಗಡಿಯದು. ಮಾಲಕರು ಶರಣಪ್ಪನವರು. ದಿನಾ ಲಿಂಗಪೂಜೆ ನಡೆಯುವ ಮನೆ, ಅಡುಗೆಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಆದರೆ ಅಂಗಡಿಗೆ ಬರಕತ್ತು ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಗಲ್ಲಾದ ಪಕ್ಕ ಅಕ್ವೇರಿಯಂ ಇಟ್ಟು ಗೋಲ್ಡ್‌ಫಿಶ್ ಸಾಕಿದ್ದರು. ಆ ಮೀನಿಗೆ ರೋಗ ಬಂದಿತ್ತು. ಅವರು ಆಫೀಸಿಗೆ ಬರಲಿಲ್ಲ, ಆಳಿನ ಕೈಯಲ್ಲಿ ಹೇಳಿ ಕಳಿಸಿದರು: ಮೇಡಂ ಅವರು ಗಿರಾಕಿಯ ಹಾಗೆ ಬರಬೇಕಂತೆ. ಮೀನಿನ ಆಫೀಸಿನವರು ನಮ್ಮ ಅಂಗಡಿಗೆ ಯಾಕೆ ಬಂದರು ಎಂದು ಓಣಿಯವರು ಏನೇನೋ ತಿಳಿಯಬಾರದಲ್ಲ. ನಾನು ಬ್ಲೌಸ್ ಪೀಸ್ ಕೇಳುತ್ತ ಒಳಗೆ ಹೋದೆ.

ಚಳಿಗಾಲ ಆಗಿತ್ತು. ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ನೀರಿನ ತುಂಬ ಬೇವಿನ ಸೊಪ್ಪು.

"ಬೇವು ಯಾಕ್ರೀ ಹಾಕೀರಿ?" ಎಂದು ಕೇಳಿದೆ.

ಶರಣಪ್ಪನವರು ದನಿ ತಗ್ಗಿಸಿದರು. "ಮೀನಿಗೆ ಅಮ್ಮ ಬಂದಾಳ್ರೀ. ನಮ್ಮವ್ವ ಹಾಕ್ಯಾಳ."

ಒಳಗಿನ ಗಾದಿಯ ಮೇಲೆ ಕೂತಿದ್ದ ಅವರ ತಾಯಿ ಅಲ್ಲಿಂದಲೇ ಹೇಳಿದರು: "ಔಷಧ ಹಾಕಿ ಅಕಿನ್ನ ಸಿಟ್ಟಿಗೆಬ್ಬಿಸಬ್ಯಾಡವಾ ತಂಗಿ. ತಾನಾಗೇ ಇಳೀತಾಳ." ಆಮೇಲೆ, "ಯಾರ ಪೈಕಿ ನೀ?" ಎಂದು ಕೇಳಿದರು. ಹೇಳಿದೆ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ, ಸಂಬಳದ ಕೆಲಸ ಕಂಡ ಮೊದಲ ತಲೆಮಾರು ನಾನು. ಅವತ್ತು ನನಗೆ ಚಹಾ ಬರಲಿಲ್ಲ.

ಕೊಳೆಯುತ್ತಿದ್ದ ಸೊಪ್ಪು ತೆಗೆಸಿದೆ. ನೀರು ಸ್ವಲ್ಪ ಬದಲಿಸಿ, ಉಪ್ಪು ಹಾಕಿ, ನೀರು ಬೆಚ್ಚಗಾಗಲು ಹೀಟರ್ ಇಡಿಸಿ, ಔಷಧಿ ಹಾಕುವ ರೀತಿ ಹೇಳಿಕೊಟ್ಟೆ. ಕೆಲವು ದಿನಕ್ಕೆ ಚುಕ್ಕೆಗಳೆಲ್ಲ ಮಾಯವಾದವು. ಶರಣಪ್ಪನವರು ಆಳುಗಳಿಗೆ ಪೇಡೆ ಹಂಚಿದರು, ಹೀಟರ್ ತೆಗೆದರು, ಔಷಧಿ ನಿಲ್ಲಿಸಿದರು. ಮುಂದಿನ ವಾರ ಚುಕ್ಕೆಗಳು ಮೊದಲಿಗಿಂತ ದಟ್ಟವಾಗಿ ಬಂದವು, ಅರ್ಧ ಮೀನು ಸತ್ತವು.

ಈ ರೋಗದಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಚುಕ್ಕೆ ಒಂದು ಸೂಕ್ಷ್ಮಜೀವಿ ಚರ್ಮದ ಕೆಳಗೆ ಕಟ್ಟಿಕೊಂಡ ಗೂಡು. ಅಲ್ಲಿ ಕೂತು ತಿನ್ನುವಾಗ ನೀರಿಗೆ ಹಾಕಿದ ಯಾವ ಔಷಧಿಯೂ ಅದಕ್ಕೆ ತಾಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನು ಬಿಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಅಲ್ಲಿ ಒಂದು ನೂರಾರಾಗಿ ಒಡೆದು, ಹೊಸ ಮೀನು ಹುಡುಕುತ್ತ ಈಜುತ್ತದೆ. ಹಾಗೆ ಈಜುವಾಗ ಮಾತ್ರ ಅದು ನಮ್ಮ ಕೈಗೆ ಸಿಗುವುದು. ನೀರು ಬೆಚ್ಚಗಿದ್ದರೆ ಈ ತಿರುಗಾಟ ಬೇಗ ಮುಗಿಯುತ್ತದೆ, ಹೀಟರ್ ಇಡುವುದು ಅದಕ್ಕೆ. ಮೀನಿನ ಮೈ ಸ್ವಚ್ಛವಾಗಿ ಕಂಡಿತೆಂದರೆ ರೋಗ ನೀರಿಗೆ ಇಳಿದಿದೆ ಎಂದು ಅರ್ಥ. ಔಷಧಿ ಬಿಡಬಾರದ ಹೊತ್ತು ಅದು. ನಾನು ಇದನ್ನು ಶರಣಪ್ಪನವರಿಗೆ ಹೇಳಿದ್ದೆ, ಆದರೆ ಅವರ ಕಣ್ಣು ಮೀನಿನ ಮೇಲಿತ್ತು, ಕಿವಿ ಗಿರಾಕಿಯ ಕಡೆಗಿತ್ತು.

ಎರಡನೆಯ ಸಲ ಅವರು ತಾವೇ ಆಫೀಸಿಗೆ ಬಂದರು, ಹಾಡುಹಗಲಲ್ಲಿ, ಎಲ್ಲರೂ ನೋಡುವಂತೆ. "ಮಂದಿ ನೋಡಿದ್ರ ನೋಡ್ಲಿ ಬಿಡ್ರೀ. ಉಳಿದವನ್ನಾದ್ರೂ ಉಳಿಸಿಕೊಡ್ರಿ" ಎಂದರು. ಈ ಸಲ ನಾನು ಬೇಡ ಎನ್ನುವವರೆಗೆ ಔಷಧಿ ನಿಲ್ಲಿಸಲಿಲ್ಲ. ಮೀನು ಉಳಿದವು. ಕೊನೆಯ ಸಲ ಹೋದಾಗ ಚಹಾ ಬಂತು, ನನಗೆ ಗಾಜಿನ ಕಪ್ಪಿನಲ್ಲಿ, ಉಳಿದವರಿಗೆ ಸ್ಟೀಲ್ ಲೋಟದಲ್ಲಿ. ಕುಡಿದೆ. ಅವರ ತಾಯಿ ಹೇಳಿದರು: "ನೀ ಅಂದಿದ್ದು ಖರೆ ಐತಿ ನೋಡವಾ. ಅಮ್ಮ ಆಗಿದ್ರ ಒಮ್ಮೆ ಬಂದು ಹೋಗ್ತಿದ್ಲು. ಹಿಂಗ ತಿರುಗಿ ಬರ್ತಿದ್ದಿಲ್ಲ."

ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ವಾದಗಳಲ್ಲಿ ಅದೂ ಒಂದು.

ಲಿಂಗಸುಗೂರಿನಲ್ಲಿದ್ದಾಗ ನನ್ನ ಮೇಲೆ ಒಬ್ಬ ಸಾಹೇಬರಿದ್ದರು. ಕರಾವಳಿಯ ಕಡೆಯವರು, ಸಮುದ್ರ ಕಂಡವರು. ಗಾಜಿನ ತೊಟ್ಟಿಯ ಮೀನೆಂದರೆ ಅವರಿಗೆ ಆಟದ ಸಾಮಾನು. "ನಮ್ಮ ಇಲಾಖೆ ಇರುವುದು ಊಟದ ಮೀನಿಗೆ, ನೋಟದ ಮೀನಿಗಲ್ಲ" ಎನ್ನುತ್ತಿದ್ದರು. ಆದರೆ ಕೆಟ್ಟ ಮನುಷ್ಯರಲ್ಲ. ಯಾರಾದರೂ ಬಂದರೆ ಬರಿಗೈಯಲ್ಲಿ ಕಳಿಸಲು ಅವರಿಗೆ ಆಗುತ್ತಿರಲಿಲ್ಲ, ಹಾಗಾಗಿ ಎಲ್ಲ ರೋಗಕ್ಕೂ ಒಂದೇ ಔಷಧಿ ಇಟ್ಟುಕೊಂಡಿದ್ದರು, ಫಾರ್ಮಲಿನ್.

ಊರಿನಲ್ಲಿ ಮಕ್ಕಳ ಡಾಕ್ಟರ್ ಒಬ್ಬರಿದ್ದರು, ಹೆಣ್ಣುಮಗಳು. ಅವರ ದವಾಖಾನೆಯಲ್ಲಿ ರೋಗಿಗಳು ಕೂರುವ ಜಾಗದಲ್ಲಿ ದೊಡ್ಡ ಅಕ್ವೇರಿಯಂ ಇತ್ತು. ಸೂಜಿಗೆ ಹೆದರಿ ಅಳುವ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿದರೆ ಅಳು ನಿಲ್ಲುತ್ತಿತ್ತು. ಒಂದು ಬೇಸಿಗೆಯಲ್ಲಿ ಆ ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಳ್ಳಲು ಶುರು ಮಾಡಿದವು. ಮೈಮೇಲೆ ಬೂದಿ ಬಣ್ಣದ ಲೋಳೆ. ಸಾಹೇಬರೂ ನಾನೂ ಹೋದೆವು. ಲೋಳೆ ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋಣ, ಅಲ್ಲಿಯವರೆಗೆ ಉಪ್ಪು ಸಾಕು ಎಂದೆ. "ಚರ್ಮದ ಪರಾವಲಂಬಿ ಅಂತ ಕಣ್ಣಿಗೇ ಕಾಣ್ತಾ ಉಂಟಲ್ಲ, ನೋಡುವುದು ಎಂತದು?" ಎಂದು ಅವರು ಬ್ಯಾಗಿನಿಂದ ಬಾಟಲಿ ತೆಗೆದರು.

ರೋಗದ ವಿಷಯದಲ್ಲಿ ಅವರ ಊಹೆ ಸರಿಯೇ ಇತ್ತು. ಬಾಟಲಿ ಹಳೆಯದು. ತಳದಲ್ಲಿ ಬಿಳಿ ಗಷ್ಟು ಕೂತಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಫಾರ್ಮಲಿನ್ ಹಳತಾಗಿ ಬಿಳಿ ಗಷ್ಟು ಕಟ್ಟಿದರೆ ಅದು ಮೀನಿಗೆ ಔಷಧಿಯಲ್ಲ, ವಿಷ. ಒಳ್ಳೆಯ ಫಾರ್ಮಲಿನ್ ಕೂಡ ನೀರಿನಲ್ಲಿರುವ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಬೇಸಿಗೆಯ ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಔಷಧಿ ಹಾಕಿ ನಾವು ಅಲ್ಲಿಯೇ ಕೂತಿದ್ದಾಗ ಕರೆಂಟ್ ಹೋಯಿತು. ಗಾಳಿಯ ಗುಳ್ಳೆಗಳು ನಿಂತವು.

ಮೀನುಗಳು ಮೇಲೆ ಬಂದವು, ಬಾಯಿ ತೆರೆದವು, ಒಂದೊಂದಾಗಿ ಪಕ್ಕಕ್ಕೆ ವಾಲಿದವು. ನಾವಿಬ್ಬರೂ ಮಗ್ಗಿನಿಂದ ನೀರು ಎತ್ತಿ ಎತ್ತಿ ಸುರಿದೆವು. ಉಪಯೋಗ ಆಗಲಿಲ್ಲ. ಜ್ವರದ ಮಗುವೊಂದು ತಾಯಿಯ ಹೆಗಲಿನಿಂದ ಕೆಳಗಿಳಿದು ಗಾಜಿನ ಹತ್ತಿರ ಬಂದು, "ಯವ್ವಾ, ಮಕ್ಕೊಂಡಾವೇನು?" ಎಂದು ಕೇಳಿತು. ನರ್ಸಮ್ಮ ಒಂದು ಬೆಡ್‌ಶೀಟ್ ತಂದು ತೊಟ್ಟಿಗೆ ಹೊದಿಸಿದಳು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಆ ಭಾನುವಾರ ದವಾಖಾನೆ ಮುಂದೆ ಹಾದು ಹೋಗುವಾಗ ಬಾಗಿಲು ತೆರೆದಿದ್ದು ಕಂಡು ಇಣುಕಿದೆ. ಸಾಹೇಬರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನೆಲದ ಮೇಲೆ ಕೂತು ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದರು. ಪಕ್ಕದಲ್ಲಿ ಹೊಸ ಮೀನಿನ ಚೀಲ ತೇಲುತ್ತಿದ್ದ ಬಕೆಟ್. ನನ್ನನ್ನು ನೋಡಿ, "ಇನ್ನು ಮುಂದೆ ನಾನೇ ಹೇಳಿದರೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡದೆ ಹಾಕಬೇಡಿ. ಆಯ್ತಾ?" ಎಂದರು. ನಾನೂ ಒಂದು ಬ್ರಷ್ ತಗೊಂಡು ಕೂತೆ. ಅವರು ವರ್ಗವಾಗಿ ಹೋಗುವವರೆಗೆ ಲೋಳೆ ನೋಡದೆ ಯಾವ ತೊಟ್ಟಿಗೂ ಔಷಧಿ ಹಾಕಲಿಲ್ಲ.

ನಾನು ಸೇರಿದಾಗ ಔಷಧಿಯೆಂದರೆ ಹಸಿರು ಬಣ್ಣದ ಪುಡಿ. ಅದು ಕೈಗೆ ತಾಗಿದರೆ ವಾರಗಟ್ಟಲೆ ಹೋಗುತ್ತಿರಲಿಲ್ಲ, ಊಟಕ್ಕೆ ಕೂತಾಗ ಮನೆಯವರು ಮುಖ ತಿರುಗಿಸುತ್ತಿದ್ದರು. ಆಮೇಲೆ ಅದರ ಕೆಡುಕು ತಿಳಿದು ಕೈಬಿಟ್ಟೆವು. ಈಗ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಕಳಿಸುತ್ತಾರೆ. ವಿಡಿಯೋ ಒಳ್ಳೆಯದೇ. ಮೀನು ಉಸಿರಾಡುವ ರೀತಿ, ರೆಕ್ಕೆ ಮುದುರಿದೆಯೋ ಇಲ್ಲವೋ ಕಾಣುತ್ತದೆ. ಆದರೆ ವಿಡಿಯೋದಲ್ಲಿ ನೀರಿನ ವಾಸನೆ ಬರುವುದಿಲ್ಲ, ಕಿವಿರು ಎತ್ತಿ ನೋಡಲು ಆಗುವುದಿಲ್ಲ. ಹೋಗಿ ನೋಡಬೇಕು. ಹೋದ ಮೇಲೆ ಮೀನಿಗಿಂತ ಮೊದಲು ನೀರನ್ನು ಕೇಳಬೇಕು: ಎಲ್ಲಿಯದು, ಯಾವಾಗ ಬದಲಿಸಿದಿರಿ. ಆಮೇಲೆ ಹೊಸ ಮೀನು ಏನಾದರೂ ಬಂತೇ ಎಂದು. ಕೊನೆಗೆ, ನಮ್ಮನ್ನು ಕರೆಯುವ ಮೊದಲು ಏನೇನು ಸುರಿದಿರಿ ಎಂದು. ಈ ಕೊನೆಯದಕ್ಕೆ ಯಾರೂ ಮೊದಲ ಸಲ ನಿಜ ಹೇಳುವುದಿಲ್ಲ. ಸಿಟ್ಟಾಗದೆ ಎರಡನೆಯ ಸಲ ಕೇಳಬೇಕು.

ಬಳಗಾನೂರಿನ ಹುಲಿಗೆಮ್ಮನ ಕೇಸು ಬಂದದ್ದು ನಾನು ಮಸ್ಕಿಗೆ ಬಂದ ಮೇಲೆ, ನನ್ನ ನೌಕರಿಯ ಕೊನೆಯ ಕಾಲದಲ್ಲಿ. ಅದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಹುಲಿಗೆಮ್ಮ ಮೊದಲು ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಗುಂಪಿನ ಮುಂದಾಳು. ದಢೇಸುಗೂರು, ಸಾಲಗುಂದದವರೆಗೂ ಹೆಣ್ಣಾಳುಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ವರ್ಷಗಟ್ಟಲೆ ಕೆಸರಿನಲ್ಲಿ ನಿಂತು ಕಾಲ್ಬೆರಳ ಸಂದಿ ಕೊಳೆತು, ನಡೆಯಲು ಆಗದಂತಾಗಿ ಆ ಕೆಲಸ ಬಿಟ್ಟಳು. ಬಣ್ಣದ ಮೀನು ಸಾಕುವುದರ ಬಗ್ಗೆ ನಾವು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಾಗ ಬಂದಿದ್ದಳು. ಬಂದವರಲ್ಲಿ ಮುಂದುವರಿಸಿದವಳು ಇವಳೊಬ್ಬಳೇ. ಮನೆಯ ಹಿಂದೆ ಸಾಲಾಗಿ ಸಿಮೆಂಟ್ ತೊಟ್ಟಿ ಕಟ್ಟಿಸಿ ಮೊಲ್ಲಿ, ಗಪ್ಪಿ, ಗೋಲ್ಡ್‌ಫಿಶ್ ಬೆಳೆಸುತ್ತಿದ್ದಳು. ಸಿಂಧನೂರಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ಖಾಜಾ ಸಾಬ್ ಅವಳ ಮೀನು ಕೊಳ್ಳುತ್ತಿದ್ದರು. ಅವರಿಂದ ಲಿಂಗಸುಗೂರು, ಮಸ್ಕಿಯ ಸಣ್ಣ ಅಂಗಡಿಗಳಿಗೆ ಹೋಗುತ್ತಿತ್ತು. "ಬಳಗಾನೂರು ಮಾಲು" ಎಂದರೆ ಸಾಯದ ಮೀನು ಎಂಬ ಹೆಸರಿತ್ತು.

ಒಂದು ದಿನ ಖಾಜಾ ಸಾಬ್ ವಿಡಿಯೋ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ನೋಡಿದ್ರೇನ್ರೀ ಮೇಡಂ? ಎಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ. ಬಳಗಾನೂರು ಮಾಲೇ. ಲಿಂಗಸುಗೂರಿನಿಂದಾನೂ ಇದ ಕಂಪ್ಲೇಂಟ್ ಬಂದೈತಿ."

ಸೂಕ್ಷ್ಮದರ್ಶಕ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. ಮೀನುಗಳು ಗಾಳಿಯ ಗುಳ್ಳೆ ಏಳುವ ಕಡೆ ಗುಂಪಾಗಿದ್ದವು. ಕೆಲವು ಒಂದು ಕಡೆಯ ಕಿವಿರನ್ನು ಮುಚ್ಚಿಕೊಂಡು ಇನ್ನೊಂದರಿಂದ ಮಾತ್ರ ಉಸಿರಾಡುತ್ತಿದ್ದವು. ಆಗಷ್ಟೇ ಸತ್ತ ಒಂದನ್ನು ತೆಗೆದು ಕಿವಿರು ಎತ್ತಿದೆ. ರಕ್ತದಂತೆ ಕೆಂಪಗಿರಬೇಕಾದದ್ದು ಪೇಲವವಾಗಿ, ಲೋಳೆ ಹಿಡಿದಿತ್ತು. ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಿವಿರಿನ ಎಳೆಗಳಿಗೆ ಕೊಕ್ಕೆ ಹಾಕಿಕೊಂಡು ತೂಗಾಡುತ್ತಿರುವ ಹುಳಗಳು, ತಲೆಯ ಮೇಲೆ ನಾಲ್ಕು ಕಪ್ಪು ಚುಕ್ಕೆ. ಕಿವಿರಿನ ಹುಳ. ಅನುಮಾನವೇ ಇರಲಿಲ್ಲ.

"ಅಂದ್ರ ಆಕಿ ಮೀನು ಬಂದ್ ಮಾಡ್ತೀನ್ರೀ" ಎಂದರು ಖಾಜಾ ಸಾಬ್. "ಎಲ್ಲಾ ಅಂಗಡಿಯವರಿಗೂ ಹೇಳ್ಬೇಕಾಗ್ತೈತಿ. ನನ್ನ ಹೆಸರು ಕೆಡತೈತಿ ಇಲ್ಲಾಂದ್ರ."

ಹಾಗೆ ಹೇಳಿದ್ದರೆ ಹುಲಿಗೆಮ್ಮ ಮತ್ತೆ ಗದ್ದೆಗೆ ಇಳಿಯಬೇಕಾಗುತ್ತಿತ್ತು. "ನಾ ಆಕಿ ತೊಟ್ಟಿ ನೋಡಿ ಬರೋತನ ತಡೀರಿ" ಎಂದೆ. ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಬಳಗಾನೂರಿನಲ್ಲಿ ಹುಲಿಗೆಮ್ಮ ಚಹಾಕ್ಕೆ ಇಟ್ಟು, ವಿಷಯ ಕೇಳಿದ ಮೇಲೆ ಒಲೆ ಆರಿಸಿದಳು.

"ನನ್ನ ಮೀನಿಗೇನ್ರೀ?" ಎಂದಳು. ಹಿತ್ತಲ ಬಾಗಿಲು ತೆರೆದು, "ಎಲ್ಲಾ ತೊಟ್ಟಿ ನೋಡ್ರಿ ಮೇಡಮ್ಮೋರ. ಒಂದೂ ಬಿಡಬ್ಯಾಡ್ರಿ. ಇದ್ರ ಇದ್ದಂಗ ಹೇಳ್ರಿ."

ನೋಡಿದೆ. ಎಲ್ಲ ತೊಟ್ಟಿಗಳೂ ಚೊಕ್ಕಟವಾಗಿದ್ದವು, ಕೊನೆಯ ಗೋಡೆ ಪಕ್ಕದ ದೊಡ್ಡ ತೊಟ್ಟಿ ಬಿಟ್ಟು. ಅದರಲ್ಲಿ ಅವಳ ಗೋಲ್ಡ್‌ಫಿಶ್ ತಾಯಿ-ತಂದೆಗಳಿದ್ದವು, ಪ್ರತಿ ಚಳಿಗಾಲ ಮೊಟ್ಟೆಯಿಡುವ ಜೋಡಿಗಳು. ಅವಕ್ಕೆ ಕಿವಿರಿನಲ್ಲಿಯೂ ಹುಳ, ಚರ್ಮದ ಮೇಲೂ ಇನ್ನೊಂದು ಜಾತಿಯ ಹುಳ.

"ಈ ತೊಟ್ಟಿಗೆ ಮಾತ್ರ ಏನು ಬ್ಯಾರೆ ಮಾಡೀದಿ?"

"ಏನೂ ಇಲ್ರೀ. ವಾಪಸ್ ಬಂದ ಮೀನು ಇದಕ್ಕ ಬಿಡ್ತೀನಿ, ದೊಡ್ಡದೈತಿ ಅಂತ."

"ವಾಪಸ್ ಅಂದ್ರ?"

ವಿಷಯ ಹೊರಬಂದದ್ದು ಆಗ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮೀನನ್ನು ಖಾಜಾ ಸಾಬ್ ಆಟೋದಲ್ಲಿ ಅವಳಿಗೆ ಹಿಂದಿರುಗಿಸುತ್ತಿದ್ದರು. ಬೆಳೆದ ಮೇಲೆ ಮತ್ತೆ ತರಬಹುದು ಎಂದು. ಅವಳು ಬೇಡ ಎನ್ನಲಾರದೆ ತೊಟ್ಟಿಗೆ ಬಿಡುತ್ತಿದ್ದಳು. ಅದೇ ಅಂಗಡಿಗೆ ದೊಡ್ಡ ಊರಿನಿಂದಲೂ ಮೀನು ಬರುತ್ತಿದ್ದವು.

ರೋಗ ಅಂಗಡಿಯಿಂದಲೇ ಬಂದಿರಬೇಕು ಎಂದು ನಾನು ಹೇಳಿ ಮುಗಿಸುವ ಮೊದಲೇ ಹುಲಿಗೆಮ್ಮ ಸೆರಗು ಸಿಗಿಸಿಕೊಂಡಳು. "ನಡೀರಿ. ಅವರ ಎದುರಿಗೇ ಇದನ್ನ ಹೇಳ್ರಿ."

ಅಂಗಡಿಗೆ ಹೋಗಿ ಹೊರ ಊರಿನಿಂದ ಬಂದ ಮೀನಿನ ಲೋಳೆ, ಕಿವಿರು ನೋಡಿದೆ. ಅದೇ ನಾಲ್ಕು ಚುಕ್ಕೆಯ ಹುಳ. ಆ ಮೀನುಗಳು ದೊಡ್ಡವು, ರೋಗ ಹೊತ್ತುಕೊಂಡೂ ಆರಾಮಾಗಿದ್ದವು. ಹುಲಿಗೆಮ್ಮನ ಮರಿಗಳು ಎಳೆಯವು, ತಡೆಯಲಿಲ್ಲ.

"ಅಂದ್ರ ತಪ್ಪು ನಂದ ಅಂತೀರೇನ್ರೀ ಮೇಡಂ?" ಖಾಜಾ ಸಾಬ್ ಮುಖ ಕೆಂಪಾಯಿತು.

"ಎಲ್ಲಾ ತೊಟ್ಟಿಗೂ ಒಂದ ಬಲೆ ಹಾಕ್ತೀರಿ. ಹುಳ ಅದ್ರಾಗ ಹತ್ತಿ ಇಳದೈತಿ. ನಿಮಗೂ ಗೊತ್ತಿದ್ದಿಲ್ಲ, ಆಕಿಗೂ ಗೊತ್ತಿದ್ದಿಲ್ಲ."

"ಗೊತ್ತಿದ್ದಿಲ್ಲ, ಖರೆ" ಎಂದಳು ಹುಲಿಗೆಮ್ಮ. "ಆದ್ರ ಖಾಜಾ ಭಾಯಿ, ನನ್ನ ಮಾಲು ಕೆಟ್ಟೈತಿ ಅಂತ ಎಲ್ಲಾ ಅಂಗಡಿಗೆ ಹೇಳಾಕ ಹೊಂಟಿದ್ರೆಲ್ಲ, ನನಗ ಒಂದು ಮಾತು ಕೇಳಬೇಕಿತ್ತಿಲ್ಲೋ?"

ಖಾಜಾ ಸಾಬ್ ಎದುರಿನ ಹೋಟೆಲಿಗೆ ಚಹಾ ಹೇಳಿದರು. ಹುಲಿಗೆಮ್ಮ ಕುಡಿಯಲಿಲ್ಲ. ಇನ್ನು ಮೇಲೆ ಒಂದು ಮೀನೂ ವಾಪಸ್ ಕಳಿಸುವುದಿಲ್ಲ, ಹೊರಗಿನ ಮೀನು ಬಂದರೆ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಬೆರೆಸುತ್ತೇನೆ, ತೊಟ್ಟಿಗೊಂದು ಬಲೆ ಇಡುತ್ತೇನೆ ಎಂದು ಅವರು ತಾವಾಗಿಯೇ ಹೇಳಿದ ಮೇಲೆ ಆರಿದ ಚಹಾ ಎತ್ತಿಕೊಂಡಳು.

ಗೋಡೆ ಪಕ್ಕದ ತೊಟ್ಟಿಗೆ ಜಂತುಹುಳದ ಔಷಧಿ ಶುರು ಮಾಡಿದೆ. ಕಿವಿರಿನ ಹುಳ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗೆ ಔಷಧಿ ನಾಟುವುದಿಲ್ಲ. ಅವು ಒಡೆಯುವವರೆಗೆ ಕಾದು ಎರಡನೆಯ ಸಲ ಹಾಕಬೇಕು. ಅಲ್ಲಿಯವರೆಗೆ ಆ ತೊಟ್ಟಿಗೆ ಯಾರೂ ನೀರು ಬಿಡಬಾರದು, ಕೈ ಹಾಕಬಾರದು ಎಂದು ಹುಲಿಗೆಮ್ಮನಿಗೂ ಅವಳ ಗಂಡ ಯಂಕೋಬನಿಗೂ ಹೇಳಿ ಬಂದೆ.

ಎರಡನೆಯ ಸಲ ಹಾಕುವ ಮೊದಲೇ ಒಂದು ಬೆಳಿಗ್ಗೆ ಫೋನ್ ಬಂತು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

"ಎಲ್ಲಾ ಸತ್ತ್ವು ಮೇಡಮ್ಮೋರ. ನೀವು ಬಂದು ಕೈ ಹಾಕಿದ ಮ್ಯಾಲೇ ಸತ್ತ್ವು. ಏನು ಹಾಕಿದ್ರಿ ನೀವು? ನನ್ನ ಮನಿ ಹಾಳಾತು."

ಹೋದೆ. ಹಿತ್ತಲಿನಲ್ಲಿ ಹುಲಿಗೆಮ್ಮ ಕಾಲು ಚಾಚಿ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಸಾಲು ತೊಟ್ಟಿಗಳಲ್ಲಿ ಒಂದರಲ್ಲೂ ಜೀವ ಇರಲಿಲ್ಲ. ದೊಡ್ಡದು, ಸಣ್ಣದು, ಮೊಲ್ಲಿ, ಗೋಲ್ಡ್‌ಫಿಶ್ ಎಲ್ಲ ಒಟ್ಟಿಗೆ ಸತ್ತು ತೇಲುತ್ತಿದ್ದವು. ಬಗ್ಗಿ ನೋಡಿದೆ. ಸೊಳ್ಳೆಮರಿಗಳೂ ಸತ್ತಿದ್ದವು. ಒಂದು ಕಪ್ಪೆ ಹೊಟ್ಟೆ ಮೇಲಾಗಿ ಬಿದ್ದಿತ್ತು.

ಇದನ್ನು ನೆನಪಿಡಬೇಕು. ಹುಳದ ರೋಗ ಮೀನನ್ನು ಹೀಗೆ ಒಟ್ಟಿಗೆ ಕೊಲ್ಲುವುದಿಲ್ಲ. ಅಶಕ್ತವಾದದ್ದು ಮೊದಲು ಸಾಯುತ್ತದೆ, ಆಮೇಲೆ ಒಂದೊಂದಾಗಿ ಹೋಗುತ್ತವೆ. ಎಲ್ಲವೂ ಒಂದೇ ಹೊತ್ತಿಗೆ, ಅದೂ ಸೊಳ್ಳೆಮರಿ ಸಮೇತ ಸತ್ತರೆ ಅದು ನೀರಿನ ವಿಷ.

ಗೋಡೆ ಪಕ್ಕದ ತೊಟ್ಟಿಗೆ ಹೋದೆ. ರೋಗದ ಮೀನುಗಳು ಅಲ್ಲಿ ಈಜುತ್ತಿದ್ದವು.

"ನೀರು ಎಲ್ಲಿಂದ ಬಿಟ್ರಿ?" ಎಂದು ಕೇಳಿದೆ.

ಯಂಕೋಬ ಬಾಗಿಲಲ್ಲಿ ನಿಂತಿದ್ದ. "ಕರೆಂಟ್ ಇದ್ದಿಲ್ರೀ, ಬೋರು ನಡೀಲಿಲ್ಲ. ತೊಟ್ಟಿ ಇಳಿದಿದ್ವು. ಕಾಲುವಿಯಿಂದ ಪೈಪ್ ಹಾಕಿ ನಿನ್ನೆ ಬಿಟ್ಟೆ." ಆಮೇಲೆ ತಾನಾಗಿಯೇ, "ಮ್ಯಾಲಿನ ಗದ್ದಿಗೆ ಎಣ್ಣಿ ಹೊಡ್ಯಾಕತ್ತಿದ್ರು" ಎಂದ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ.

"ಈ ಗ್ವಾಡಿ ತೊಟ್ಟಿಗೆ?"

"ಅದಕ್ಕ ನೀರು ಬಿಡಬ್ಯಾಡ ಅಂದಿದ್ರೆಲ್ಲ ನೀವು. ಬಿಡಲಿಲ್ಲ."

ಹುಲಿಗೆಮ್ಮ ಗಂಡನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ಬುಟ್ಟಿ ತಂದಳು. ಇಬ್ಬರೂ ಸತ್ತ ಮೀನು ತುಂಬಿ ನುಗ್ಗಿಗಿಡದ ಬುಡದಲ್ಲಿ ಗುಂಡಿ ತೋಡಿ ಹಾಕಿದರು. ಯಂಕೋಬ ಅವತ್ತು ಊಟಕ್ಕೆ ಕೂರಲಿಲ್ಲ. "ಉಣ್ಣು ಬಾರೋ, ನೀ ಬೇಕಂತ ಮಾಡೀದೇನು" ಎಂದು ಅವಳೇ ಕರೆದಳು.

ಆಮೇಲೆ ನನ್ನ ಹತ್ತಿರ ಬಂದು ನಿಂತಳು. "ಫೋನಿನ್ಯಾಗ ಏನೇನೋ ಅಂದೆ. ಮನಸಿಗೆ ಹಚ್ಚಿಕೊಬ್ಯಾಡ್ರಿ." ಗೋಡೆಯ ತೊಟ್ಟಿಯ ಕಡೆ ಕೈ ತೋರಿಸಿದಳು. "ಇನ್ನ ಇವ ಅದಾವ ನೋಡ್ರಿ ನನಗ. ರೋಗದವು. ಇವು ಉಳೀತಾವೇನ್ರೀ?"

"ಉಳೀಬಹುದು" ಎಂದೆ. ಉಳಿಯುತ್ತವೆ ಎನ್ನಲು ಧೈರ್ಯವಾಗಲಿಲ್ಲ.

ಎರಡನೆಯ ಸಲ ಔಷಧಿ ಹಾಕಲು ಹೋಗುವ ಮೊದಲೇ ಹುಲಿಗೆಮ್ಮ ಒಂದು ಮಾತು ಕೇಳಿದ್ದಳು, ಆ ಹುಳವನ್ನು ತಾನೂ ನೋಡಬೇಕು ಎಂದು. ಕನ್ನಡಿಯಿಂದ ಬಿಸಿಲು ಹಿಡಿಯುವ ಹಳೆಯ ಸೂಕ್ಷ್ಮದರ್ಶಕವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದಕ್ಕೆ ಕರೆಂಟ್ ಬೇಕಿಲ್ಲ. ಕಿಟಕಿಯಲ್ಲಿಟ್ಟು, ಒಂದು ಮೀನಿನ ಚರ್ಮದಿಂದ ಲೋಳೆ ಸವರಿ ಗಾಜಿಗೆ ಹಚ್ಚಿ, ಸರಿಹೊಂದಿಸಿ ಅವಳಿಗೆ ಜಾಗ ಬಿಟ್ಟೆ.

ಒಂದು ಕಣ್ಣು ಮುಚ್ಚಲು ಅವಳಿಗೆ ಬರಲಿಲ್ಲ, ಅಂಗೈಯಿಂದ ಮುಚ್ಚಿಕೊಂಡಳು. ಬಹಳ ಹೊತ್ತು ನೋಡಿದಳು.

"ಎರಡು ಅದಾವೇನ್ರೀ? ಒಂದರಾಗ ಒಂದು ಕಾಣ್ತೈತಿ."

"ಚರ್ಮದ ಹುಳ ಮೊಟ್ಟಿ ಇಡಂಗಿಲ್ಲ, ಮರಿ ಹಾಕ್ತೈತಿ. ಅದು ಅದರ ಹೊಟ್ಯಾಗಿನ ಮರಿ. ಆ ಮರಿ ಹೊಟ್ಯಾಗ ಇನ್ನೊಂದು ಮರಿ ಆಗಲೇ ಕುಂತಿರ್ತೈತಿ."

ಅವಳು ಕಣ್ಣು ತೆಗೆಯಲಿಲ್ಲ. ಯಂಕೋಬ, "ಏನಂತ?" ಎಂದು ಹಿಂದಿನಿಂದ ಕೇಳಿದ.

"ಬಸರಿ ಅದಾಳ" ಎಂದಳು ಹುಲಿಗೆಮ್ಮ. "ಬಾಣಂತನಕ್ಕ ಬಂದಾಳ. ಊರಾಗ ಇಷ್ಟು ಮನಿ ಇದ್ರೂ ನಮ್ಮನಿಗೇ ಬಂದಾಳ ನೋಡು." ಎದ್ದು ಸೀರೆ ಕೊಡವಿಕೊಂಡಳು. "ತರ್ರಿ ಮೇಡಮ್ಮೋರ, ಔಷಧ ನಾನ ಹಾಕ್ತೀನಿ."

ಹಾಕಿದಳು. ಆ ಜೋಡಿಗಳಲ್ಲಿ ಕೆಲವು ಸತ್ತವು, ಹೆಚ್ಚಿನವು ಉಳಿದವು. ಮುಂದಿನ ಸಲ ನೋಡಿದಾಗ ಕಿವಿರು ಕೆಂಪಗಿತ್ತು, ಹುಳ ಸಿಗಲಿಲ್ಲ. ವಿಷದ ತೊಟ್ಟಿಗಳನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದರು. ಬೋರಿನ ನೀರು ಹಿಡಿದಿಡಲು ಯಂಕೋಬ ಮೇಲೊಂದು ಟ್ಯಾಂಕ್ ಕೂರಿಸಿದ. ಖಾಜಾ ಸಾಬ್ ತಿಂಗಳುಗಟ್ಟಲೆ ಕೊಳ್ಳಲು ಏನೂ ಇಲ್ಲದಿದ್ದರೂ ಆಗಾಗ ಬಳಗಾನೂರಿಗೆ ಬಂದು ಕೂತು ಹೋಗುತ್ತಿದ್ದರಂತೆ.

ಚಳಿ ಬೀಳುವ ಹೊತ್ತಿಗೆ ನಾನು ನಿವೃತ್ತಳಾಗಿ ಮನೆಯಲ್ಲಿದ್ದೆ. ಗೋಲ್ಡ್‌ಫಿಶ್ ನೀರಿನಲ್ಲಿ ತೇಲುವ ಅಂತರಗಂಗೆ ಗಿಡದ ಬೇರಿಗೆ ಮೊಟ್ಟೆ ಹಚ್ಚಿವೆ ಎಂದು ಯಂಕೋಬ ತಿಳಿಸಿದ್ದ. ಅದಾದ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಹುಲಿಗೆಮ್ಮ ಫೋನ್ ಮಾಡಿ, "ಕೇಳ್ರಿ ಇಲ್ಲಿ" ಎಂದು ಫೋನನ್ನು ತೊಟ್ಟಿಯ ಹತ್ತಿರ ಹಿಡಿದಳು. ನೀರಿನ ಮೇಲೆ ತುಪು ತುಪು ಎಂಬ ಸಣ್ಣ ಸದ್ದು, ಬಹಳಷ್ಟು ಬಾಯಿಗಳದು.

ಕೂತಲ್ಲಿಂದ ಎದ್ದೆ. "ಮರಿ ಮ್ಯಾಲ ಬಂದು ಬಾಯಿ ಬಿಡಾಕತ್ತಾವೇನು? ಯಾವಾಗಿನಿಂದ? ಕಿವಿರು ಜೋರು ಬಡೀತಾವೇನು ನೋಡು. ಹೊಸ ನೀರು ಬಿಟ್ರೇನು? ಯಾವುದಾದ್ರೂ ಮೀನು ತಂದು ಬಿಟ್ರೇನು?"

ಆ ಕಡೆ ಹುಲಿಗೆಮ್ಮ ನಗುತ್ತಿದ್ದಳು.

"ಹಸಿದಾವ್ರೀ ಮೇಡಮ್ಮೋರ. ಇನ್ನಾ ತಿನ್ನಾಕ ಹಾಕಿಲ್ಲ ಅವಕ್ಕ."